ಹಿಮ್ಮಡಿ ಹೊರಗ

ಕರೀ ಗೊದ್ದ ಇರುವೆಯೊಂದು ಮಣ್ಣಿನ ಹೆಂಟೆ ಹತ್ತುತ್ತಿದೆ, ಇಷ್ಟು ಹತ್ತಿರದಿಂದ ನೋಡಿದರೆ ಅದರ ಕಾಲು ಒಂದೊಂದೂ ಬೇರೆ ಕಾಣುತ್ತವೆ, ಎಲ್ಲವೂ ತಮ್ಮಷ್ಟಕ್ಕೆ ನಡೆಯುತ್ತವೆ, ಯಾವ ಗೇರಿನಾಗ ಹತ್ತಿದಿ ಎಂದು ಯಾರೂ ಅದನ್ನು ಕೇಳುವುದಿಲ್ಲ — ನನ್ನ ಕೆನ್ನೆ ನೆಲಕ್ಕೆ ಒತ್ತಿಕೊಂಡಿದೆ, ಕೆಂಪು ಮುರುಮು ಮಣ್ಣು ಬಾಯೊಳಗೂ ಹೋಗಿದೆ, ಉಗುಳಿದರೆ ಎಂಜಲು ಗದ್ದದ ಮೇಲೇ ಬೀಳುತ್ತದೆ. ಹಾಗಾದರೆ ಬಿದ್ದಿದ್ದೇನೆ. ಎಡಮಗ್ಗುಲಾಗಿ ಬಿದ್ದಿದ್ದೇನೆ, ಸೈಕಲ್ ನನ್ನ ತೊಡೆಯ ಮೇಲಿದೆ, ಬಲಗಾಲು ಬೀಳುವಾಗಲೇ ಟಕ್ ಎಂದು ಬಿಟ್ಟುಕೊಂಡಿತು, ಎಡಗಾಲು ಬಿಟ್ಟಿಲ್ಲ, ಬೂಟಿನ ಅಡಿಯ ಕಬ್ಬಿಣದ ಹಲ್ಲು ಪೆಡಲಿನ ಬಾಯಲ್ಲಿ ಕಚ್ಚಿಕೊಂಡೇ ಇದೆ, ಪೆಡಲು ಹೋಗಿ ಮಳೆನೀರು ಕೊರೆದ ಕೊರಕಲಿನಲ್ಲಿ ಕೂತಿದೆ. ಹಿಮ್ಮಡಿ ಹೊರಗ ತಿರುವು, ತಾನ ಬಿಡತದ, ಎಂದು ಎಷ್ಟು ಸಲ ಹೇಳಿಲ್ಲ ಇವರು, ತಿರುಗಿಸುತ್ತೇನೆ, ಆದರೆ ಈಗ ಹೊರಗೆ ಎಂದರೆ ನೆಲ, ಹಿಮ್ಮಡಿ ನೆಲಕ್ಕೆ ಗುದ್ದಿ ನಿಲ್ಲುತ್ತದೆ, ಇನ್ನೂ ಒತ್ತಿದರೆ ಕೀಲಿನಿಂದ ಮೊಣಕಾಲಿನ ತನಕ ಬೆಂಕಿಯಂಥದ್ದು ಏನೋ ಹರಿಯುತ್ತದೆ. ಬೂಟಿನ ಪಟ್ಟಿ ಬಿಚ್ಚಬಹುದು, ಪಟ್ಟಿಯ ಕೊಕ್ಕೆ ಹೊರಮಗ್ಗುಲಿಗಿದೆ, ಹೊರಮಗ್ಗುಲು ಮಣ್ಣೊಳಗಿದೆ. ಯಾರು ಮಾಡಿದರೋ ಈ ಬೂಟನ್ನು, ಯಾರೂ ಎಡಕ್ಕೆ ಬೀಳುವುದಿಲ್ಲ ಎಂದುಕೊಂಡಿರಬೇಕು. ಬೆನ್ನ ಮೇಲಿನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಅವರೇ, ಮತ್ಯಾರು, ಕೆಳಗೆ ಡಾಂಬರು ರಸ್ತೆಯ ಪಕ್ಕ ಬೇವಿನ ಮರದಡಿ ಗಾಲಿಕುರ್ಚಿಯಲ್ಲಿ ಕೂತು ಈ ಗುಡ್ಡವನ್ನೇ ನೋಡುತ್ತಿರುವ ನನ್ನ ಗಂಡ ಹಣಮಂತರಾಯ, ಸೇಡಂನ ಹೈಸ್ಕೂಲಿನ ವಿಜ್ಞಾನದ ಮಾಸ್ತರು, ಎರಡು ವರ್ಷದಿಂದ ಸೊಂಟದ ಕೆಳಗೆ ಏನೂ ಗೊತ್ತಾಗದವರು. ಬಡಿದುಕೊಂಡು ನಿಂತಿತು. ಮತ್ತೆ ಶುರುವಾಯಿತು. ಕೈ ಹಿಂದಕ್ಕೆ ಹಾಕಿದರೆ ಸಿಕ್ಕೀತು, ಬಲಗೈ ಖಾಲಿಯೇ ಇದೆ, ಹಾಕುತ್ತಿಲ್ಲ ನಾನು, ಗೊದ್ದ ಹೆಂಟೆಯ ಆಚೆ ಇಳಿದು ಹೋಯಿತು, ಇದೊಂದು ಸಲ ಬಡಿದುಕೊಳ್ಳಲಿ ಬಿಡು.

ನೀರಿನ ಟಾಕಿ ತೊಳೆಯಲು ಮಾಳಿಗೆ ಹತ್ತಿದ್ದರು, ಅಷ್ಟೇ, ಸೈಕಲ್ಲಿನಿಂದ ಬಿದ್ದವರಲ್ಲ, ಅದನ್ನೇ ಹೇಳಿ ಹೇಳಿ ನಗುತ್ತಿದ್ದರು ಮೊದಮೊದಲು, ಎಂಥೆಂಥಾ ಗುಡ್ಡ ಇಳದೀನಿ, ಮನಿ ಮಾಳಿಗಿಯಿಂದ ಬಿದ್ದೆ ನೋಡು — ಆಮೇಲೆ ನಗುವುದೂ ನಿಂತಿತು. ಸೈಕಲ್ ಪಡಸಾಲೆಯಲ್ಲಿ ಗೋಡೆಗೆ ತೂಗುಹಾಕಿಯೇ ಇತ್ತು, ದಪ್ಪ ಗಾಲಿಯ, ಮುಂದೆ ಕುಪ್ಪಳಿಸುವ ಸ್ಪ್ರಿಂಗಿನ, ಗುಡ್ಡದ ಸೈಕಲ್, ಭಾನುವಾರ ಬಂತೆಂದರೆ ಅದನ್ನು ಇಳಿಸಿಕೊಡು ಎನ್ನುವರು, ಕುರ್ಚಿಯಲ್ಲಿ ಕೂತೇ ಚೈನಿಗೆ ಎಣ್ಣೆ ಬಿಡುವರು, ಒರೆಸುವರು, ಕೈಯಿಂದ ಪೆಡಲು ತಿರುಗಿಸಿ ಹಿಂದಿನ ಗಾಲಿ ಸುಂಯ್ ಎನ್ನುವುದನ್ನು ಕೇಳುತ್ತ ಕೂಡುವರು, ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಆ ಸದ್ದು ಮುಗಿಯುವುದನ್ನು ಕಾಯುವೆ. ಒಂದು ದಿನ ನೀ ಒಮ್ಮೆ ಕುಂತು ನೋಡು ಎಂದರು. ಚಿತ್ತಾಪುರದಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲನ್ನು ಚೌಕಟ್ಟಿನ ನಡುವೆ ಒಳಗಾಲು ಹಾಕಿ ಹೊಡೆದವಳು ನಾನು, ಕೂತೆ, ಪೋಸ್ಟ್ ಆಫೀಸಿನ ಕೆಲಸಕ್ಕೆ ಹೋಗುವ ಮುಂಚೆ ಬೆಳಗಿನ ತಂಪಿನಲ್ಲಿ ಕಾಗಿಣಾ ಸೇತುವೆಯ ತನಕ ಹೋದೆ, ಸಲ್ವಾರಿನ ತುದಿಗೆ ರಬ್ಬರ್ ಬ್ಯಾಂಡು, ದುಪಟ್ಟಾ ಸೊಂಟಕ್ಕೆ, ಸೇತುವೆಯ ಮೇಲೆ ನದಿಯ ಗಾಳಿ ಕಂಕುಳೊಳಗೆಲ್ಲ ನುಗ್ಗಿತು, ಸಿಮೆಂಟು ಲಾರಿಯವನು ಹಾರ್ನ್ ಹೊಡೆದ, ಹೊಡಿ ಎಂದೆ, ಎಷ್ಟು ದಿನವಾಗಿತ್ತು ನಾನು ಯಾರ ಮಾತ್ರೆಯ ಹೊತ್ತೂ ನೆನೆಯದೆ ಉಸಿರಾಡಿ. ಅದು ನನ್ನದಾಗಿತ್ತು. ಕೆಲವು ವಾರ ಮಾತ್ರ ನನ್ನದಾಗಿತ್ತು. ಮನೆಗೆ ಬಂದರೆ ಕಾಯುತ್ತಿರುವರು, ಎಲ್ಲಿ ತನಕ ಹೋಗಿದ್ದಿ, ಏರಿನ್ಯಾಗ ಯಾವ ಗೇರ್ ಹಾಕಿದ್ದಿ, ತೊಡಿ ಉರೀತೇನು, ಎಲ್ಲಿ ಉರೀತು, ಮ್ಯಾಲೋ ಹಿಂದೋ, ಸರಿಯಾಗಿ ಹೇಳು — ಹೇಳುವೆ, ಅವರ ಕಣ್ಣು ಅರಳುವುದು, ಉರೀತು ಎಂದರೆ ಕಣ್ಣು ಮುಚ್ಚಿಕೊಂಡು ಹಾಂ ಎನ್ನುವರು, ತಮ್ಮ ತೊಡೆಯನ್ನೇ ಸವರಿಕೊಳ್ಳುವರು. ತಮ್ಮ ಸೈಕಲ್ ಗೆಳೆಯರ ಗುಂಪಿಗೆ ಫೋನಿನಲ್ಲಿ ಬರೆಯುವರು, ಇವತ್ತು ಮಳಖೇಡಕ್ಕ ಹೋಗಿ ಬಂದ್ವಿ. ಬಂದ್ವಿ. ಅವರೆಲ್ಲ ಹೆಬ್ಬೆರಳು ಕಳಿಸುವರು, ಶಾಬ್ಬಾಸ್ ಮಾಸ್ತರ ಎನ್ನುವರು. ಒಂದು ಬೆಳಗ್ಗೆ ಮೈ ಭಾರವಾಗಿತ್ತು, ಇವತ್ತ ಬ್ಯಾಡರಿ ಎಂದೆ, ಅವರು ಗೋಡೆಯ ಕಡೆ ಮುಖ ಮಾಡಿದರು, ಊಟಕ್ಕೂ ತಿರುಗಲಿಲ್ಲ. ಅತ್ತೆ ಸಾಬಮ್ಮ ಹಿತ್ತಲಿಗೆ ಬಂದು ನನ್ನ ಮೊಣಕೈ ಹಿಡಿದರು, ನನ್ನ ಮಗ ಅಷ್ಟು ದಿನದ ಮ್ಯಾಲೆ ನಗಾಕತ್ತಾನವ್ವ, ನಿನ್ನ ಕಾಲಿಗಿ ಬೀಳತೀನಿ, ನೀ ಹೋಗೂದು ಬಿಡಬ್ಯಾಡ. ಅತ್ತೆ ಕಾಲಿಗೆ ಬೀಳುತ್ತೇನೆ ಎಂದರೆ ಸೊಸೆ ಏನು ಹೇಳಬೇಕು, ಹೋಗತೀನಿ ಅತ್ತಿ ಎಂದೆ. ಅಂದಿನಿಂದ ಸೇತುವೆಯ ಮೇಲೆ ಗಾಳಿ ಬೀಸಿದರೂ ಇದನ್ನು ಹೇಗೆ ಹೇಳಲಿ ಎಂದೇ ಯೋಚಿಸುವೆ, ಗಾಳಿ ಕಂಕುಳೊಳಗೆ ಹೋಗುವ ಮೊದಲೇ ಮಾತಾಗಿಬಿಡುವುದು.

ಫೋನು ನಿಂತಿದೆ. ಬಿಸಿಲು ಕತ್ತಿನ ಹಿಂದೆ ಕೂತಿದೆ. ಅಗಲವಾದ ಪೆಡಲು ಇದ್ದಿದ್ದರೆ ಈಗ ಕಾಲು ತೆಗೆದು ನೆಲಕ್ಕಿಟ್ಟು ನಿಂತಿರುತ್ತಿದ್ದೆ, ಇಷ್ಟೇ, ನಿಂತು ನೀರು ಕುಡಿಯುತ್ತಿದ್ದೆ — ಗುರುಲಿಂಗಯ್ಯನ ಸೈಕಲ್ ಅಂಗಡಿಯ ಗಾಜಿನ ಮೇಜಿನ ಮೇಲೆ ಅದು ಇತ್ತು, ನೀಲಿಯದು, ಪ್ಲಾಸ್ಟಿಕ್ಕಿನದು, ನನ್ನ ಅಂಗೈಗಿಂತ ಅಗಲ, ಮೈತುಂಬ ಸಣ್ಣ ಸಣ್ಣ ಗುಬುಟು. ಇವರ ಹಳೆಯ ಪೆಡಲು ಚೋಟುದ್ದದ್ದು, ಬೂಟು ಕಚ್ಚಿಸಲಿಕ್ಕೆಂದೇ ಮಾಡಿದ್ದು, ನಾನು ಅದರ ಮೇಲೆ ಬರೀ ಕ್ಯಾನ್ವಾಸ್ ಬೂಟು ಇಟ್ಟು ತುಳಿದು ತುಳಿದು ಜಾರಿ ಮೊಣಕಾಲ ಕೆಳಗೆ ಚರ್ಮ ಕಿತ್ತುಕೊಂಡಿದ್ದೆ, ಅದಕ್ಕೇ ಹೊಸ ಪೆಡಲು ನೋಡಲು ಹೋದದ್ದು, ಒಬ್ಬಳೇ ಹೋದದ್ದು, ಆಫೀಸು ಬಿಟ್ಟು ಬರುವಾಗ. ಗುರುಲಿಂಗಯ್ಯ ಮೂರು ಥರದ್ದು ಇಟ್ಟರು. ಇದು ಪ್ಲಾಸ್ಟಿಕ್ ಅಕ್ಕಾ, ಹಗೂರ ಅದ, ಕಾಲು ಎಲ್ಲಿ ಬೇಕಂದ್ರ ಅಲ್ಲಿ ಇಡಬಹುದು, ಇದು ತಗಡಿಂದು, ಮ್ಯಾಲೆ ಮೊಳಿ ಅವ ನೋಡ್ರಿ, ಬೂಟು ಗಟ್ಟಿ ಹಿಡೀತದ, ಆದ್ರ ತಪ್ಪಿ ಕಾಲಿಗಿ ಬಡೀತಂದ್ರ ತೊಗಲು ತಗೀತದ, ಇದು ಲಾಕಿಂದು, ಮಾಸ್ತರ್ ಹಾಕ್ತಿದ್ರಲ್ಲ ಅಂಥಾದೇ. ಹೊಸಬ್ರಿಗಿ ಯಾವದು ಚಲೋ ಎಂದು ಕೇಳಿದೆ. ನಾ ಇವ್ಯಾವೂ ತುಳದಿಲ್ಲ ಅಕ್ಕಾ, ಮಾರತೀನಿ ಅಷ್ಟೇ, ನನಗ ಗಾಡಿ ಇದ್ರ ಸಾಕು ಎಂದು ನಕ್ಕರು. ನೀಲಿಯದನ್ನು ನೆಲದ ಮೇಲಿಟ್ಟು ಚಪ್ಪಲಿ ಕಳಚಿ ಬರಿಗಾಲನ್ನೇ ಅದರ ಮೇಲಿಟ್ಟೆ, ಗುಬುಟುಗಳು ಅಂಗಾಲಿಗೆ ಮೆತ್ತಗೆ ಚುಚ್ಚಿದವು, ತೆಗೆದೆ, ಇಟ್ಟೆ, ತೆಗೆದೆ, ಎಷ್ಟು ಸಲ ತೆಗೆದರೂ ಅದು ಬಾ ಎಂದೂ ಅನ್ನಲಿಲ್ಲ, ಬಿಡುವುದಿಲ್ಲ ಎಂದೂ ಅನ್ನಲಿಲ್ಲ. ಇದನ್ನೇ ಹಾಕ್ರಿ ಎಂದೆ. ಆ ಹೊತ್ತಿಗೇ ಫೋನು, ಮುಖ ಕಾಣುವ ಫೋನು, ತೋರಿಸು ನೋಡೋಣು ಎಂದರು ಇವರು, ತೋರಿಸಿದೆ. ಅದೆಂಥಾದು ಅಂಬಿಕಾ, ಮಕ್ಕಳ ಸೈಕಲ್‌ದಂಗ, ಅದರ ಮ್ಯಾಲೆ ಕಾಲು ಕುಣಿತದ, ಅರ್ಧಾ ಬಲ ಹಾಳು, ಲಾಕ್ ಇದ್ರ ತುಳಿಯೂದಷ್ಟೇ ಅಲ್ಲ, ಮ್ಯಾಲಕ್ಕ ಎಳೀಲಿಕ್ಕೂ ಬರತದ, ಕಾಲು ಮತ್ತ ಸೈಕಲ್ ಒಂದೇ ಆಗತದ, ನಿನಗ ಗೊತ್ತಾಗಂಗಿಲ್ಲ. ನನಗ ಅಂಜಿಕಿ ಆಗತದರಿ ಎಂದೆ, ಗುರುಲಿಂಗಯ್ಯ ಬೇರೆ ಕಡೆ ನೋಡುವಂತೆ ನಟಿಸುತ್ತಿದ್ದರು. ಅಂಜಿಕಿ ಹೋಗತದ, ನಾ ಇಲ್ಲೇನು ಎಂದರು. ಮತ್ತೆ ಸಣ್ಣ ದನಿಯಲ್ಲಿ, ಚಿಂಚೋಳಿ ಗುಡ್ಡ ಹತ್ತಬೇಕಂದ್ರ ಅದು ಬೇಕು. ಚಿಂಚೋಳಿ ಗುಡ್ಡ. ಮಾಳಿಗೆಯಿಂದ ಬೀಳುವ ಹಿಂದಿನ ತಿಂಗಳು ಗೆಳೆಯರೊಂದಿಗೆ ಬಂದು ಅರ್ಧಕ್ಕೇ ಚೈನು ಹರಿದು ಇಳಿದು ಹೋದ ಈ ಗುಡ್ಡ, ಮತ್ತೊಮ್ಮೆ ಬರುತ್ತೇನೆ ಎಂದುಕೊಂಡ ಈ ಗುಡ್ಡ. ಫೋನಿನ ಸಣ್ಣ ಗಾಜಿನಲ್ಲಿ ಅವರ ಮುಖ, ಹಿಂದೆ ಮಂಚ, ಮಂಚದ ಹಿಂದೆ ಗೋಡೆ. ಆಯ್ತು ಎಂದೆ. ಎರಡಕ್ಷರ. ನೀಲಿ ಪೆಡಲನ್ನು ಗುರುಲಿಂಗಯ್ಯ ಒರೆಸಿ ಮತ್ತೆ ಡಬ್ಬಿಗೆ ಹಾಕಿಟ್ಟರು, ನನ್ನ ಕಾಲಿನ ಧೂಳು ಅದಕ್ಕೆ ಹತ್ತಿತ್ತು.

ಇವರ ಹಳೆಯ ಪೆಡಲಿಗೇ ಕಚ್ಚುವ, ನನ್ನ ಅಳತೆಯ ಬೂಟು ಹೈದರಾಬಾದಿನ ಬಸ್ಸಿನಲ್ಲಿ ಬಂತು. ಅಂಗಳದಲ್ಲಿ ಗೋಡೆ ಹಿಡಿದು ಕಲಿತೆ, ಟಕ್ ಸೇರಿತು, ಹಿಮ್ಮಡಿ ಹೊರಗ, ಟಕ್ ಬಿಟ್ಟಿತು, ಸೇರಿಸು, ಬಿಡಿಸು, ಅವರು ಕುರ್ಚಿಯಿಂದ ತಾಳ ಹಾಕುವಂತೆ ಹೇಳುವರು, ಗೋಡೆ ಇದ್ದಾಗ ಎಲ್ಲ ಬರುತ್ತದೆ, ಗೋಡೆ ಬಿಟ್ಟ ಮೇಲೆ ಗೇಟಿನ ಮುಂದೆ ನಿಲ್ಲಲು ಹೋಗಿ ಕಾಲು ಬಿಡದೆ ಕಡಿದ ಮರದಂತೆ ಉರುಳಿದೆ, ಎದುರುಮನೆಯ ಪ್ರೀತಿ ಅಯ್ಯ ಎಂದು ಓಡಿಬಂದಳು, ಇವರು ಮಾತ್ರ ನಗುತ್ತ, ಎಲ್ಲಾರೂ ಒಮ್ಮೆ ಬೀಳತಾರ, ನಾನೂ ಬಿದ್ದಿದ್ದೆ, ನೋಡು ಈಗ ನಿನಗ ಗೊತ್ತಾತು ಎಂದರು, ಎಷ್ಟು ಸಂತೋಷವಿತ್ತು ಅವರ ಮುಖದಲ್ಲಿ, ನಾನು ಬಿದ್ದದ್ದಕ್ಕಲ್ಲ, ತಾವು ಮತ್ತೆ ಬಿದ್ದೆವು ಎಂಬುದಕ್ಕೆ. ಇವತ್ತು ದಸ್ತಗೀರನ ಆಟೋದಲ್ಲಿ ಬಂದೆವು, ದಿನಾ ಇವರನ್ನು ಶಾಲೆಗೆ ಎತ್ತಿ ಕೂರಿಸಿಕೊಂಡು ಹೋಗುವವನು ಅವನೇ, ಹಿಂದೆ ಸೈಕಲ್ ಕಟ್ಟಿದ್ದೆವು, ಚಿಮ್ಮನಚೋಡ ದಾಟಿದ ಮೇಲೆ ಕರೀ ಮಣ್ಣು ಹೋಗಿ ಕೆಂಪು ಬಂತು, ಇವರು ಹಾದಿಯುದ್ದಕ್ಕೂ ಮಾತು, ಎರಡನೇ ತಿರುವಿನ್ಯಾಗ ಗೇರ್ ಇಳಸು, ದೊಡ್ಡ ಬಂಡಿಗಲ್ಲು ಬಂತಂದ್ರ ಎಡಕ್ಕ ಹಿಡಿ, ನಿಲ್ಲಬ್ಯಾಡ, ನಿಂತ್ರ ಮತ್ತ ಏರಾಗಂಗಿಲ್ಲ. ನಾನು ಕಿಟಕಿಯಿಲ್ಲದ ಆಟೋದ ಹೊರಗೆ ನೋಡುತ್ತ ಹೂಂ ಹೂಂ. ಬೇವಿನ ಮರದ ಕೆಳಗೆ ದಸ್ತಗೀರ ಇವರನ್ನು ಕುರ್ಚಿಗೆ ಇಳಿಸಿದ, ಹೋಗಿ ಬರ್ರಿ ಅಕ್ಕಾ, ನಾ ಊರಾಗ ಜರಾ ಚಾ ಕುಡದು ಬರತೀನಿ ಎಂದ. ಮೊದಲ ತಿರುವು ಹತ್ತಿದೆ, ಎರಡನೆಯದೂ ಹತ್ತಿದೆ, ಉಸಿರು ಗಂಟಲಲ್ಲಿ ಕೊಯ್ಯುತ್ತಿತ್ತು, ಬಂಡೆಗಲ್ಲು ಬಂತು, ಎಡಕ್ಕೆ ಹಿಡಿದೆ, ಮುಂದಿನ ಗಾಲಿ ಉಸುಕಿನಂಥ ಮುರುಮಿನಲ್ಲಿ ಹೂತು ನಿಂತಿತು — ಸುಮ್ಮನೆ ನಿಂತಿತು, ಜೋರೂ ಇಲ್ಲ, ಸದ್ದೂ ಇಲ್ಲ, ಒಂದು ಗಳಿಗೆ ಸೈಕಲ್ಲೂ ನಾನೂ ನೆಟ್ಟಗೆ ನಿಂತೇ ಇದ್ದೆವು, ಕಾಲು ಕೆಳಗಿಡು ಎಂದು ಮೈಯೆಲ್ಲ ಹೇಳಿತು, ಕಾಲು ಸೈಕಲ್ಲಿನದಾಗಿತ್ತು, ಆಮೇಲೆ ಆಕಾಶ ಬಲಕ್ಕೆ ಹೋಯಿತು.

ಮತ್ತೆ ಬಡಿದುಕೊಳ್ಳುತ್ತಿದೆ. ಕೈ ಹಿಂದೆ ಹಾಕಿದೆ, ಜಿಪ್ಪು, ಬಾಟ್ಲಿ, ಫೋನು. ಎಲ್ಲಿದ್ದಿ, ಯಾಕ ಎತ್ತಲಿಲ್ಲ, ಎರಡನೇ ತಿರುವು ದಾಟಿದೇನು, ಎಂದರು ಒಂದೇ ಉಸಿರಿನಲ್ಲಿ. ಬಿದ್ದೀನಿ ಎಂದೆ. ಕಾಲು ಬಿಟ್ಟದೇನು. ಬಲಗಾಲು ಬಿಟ್ಟದ, ಎಡಗಾಲು ಸಿಕ್ಕೊಂಡದ. ಹಿಮ್ಮಡಿ ಹೊರಗ — ಹೊರಗ ನೆಲ ಅದರಿ. ಅವರ ತಲೆಯೊಳಗೆ ನಾನು ಬಿದ್ದ ರೀತಿ ಮೂಡುತ್ತಿರುವುದು ನನಗೆ ಗೊತ್ತಾಯಿತು, ಹಾಂಗಿದ್ರ ಒಳಗ ತಿರುವು, ಮೊಣಕಾಲು ಮ್ಯಾಲಕ್ಕ ಎತ್ತಿ ಜೋರ್‌ಲೆ ಒಳಗ ತಿರುವು, ನೋಡು, ಆಗತದ. ತಿರುಗಿಸಿದೆ, ಕೀಲಿನೊಳಗೆ ಏನೋ ಲಟಕ್ಕೆಂದಿತು, ಕೂಗಿದೆನೋ ಏನೋ. ಆಗೂದಿಲ್ಲರಿ, ನೋವಾಗಾಕತ್ತದ. ಎಲ್ಲಿ ನೋವು, ಸರಿಯಾಗಿ ಹೇಳು, ಮುಂದೋ ಹಿಂದೋ — ಅದೇ ದನಿ, ಬೆಳಗಿನ ಪಡಸಾಲೆಯ ದನಿ, ತೊಡೆ ಉರೀತೇನು ಎಂಬ ದನಿ, ಆಗ ನನ್ನ ಬಾಯಿಂದ ಅದು ಬಂತು, ನಾನು ಯೋಚಿಸಿದ್ದಲ್ಲ, ಇದು ನನ್ನ ಕಾಲರಿ, ಇದಕ್ಕ ನೋವಾಗತದ. ಆಚೆ ಕಡೆ ಗಾಳಿ ಮಾತ್ರ, ಬೇವಿನ ಮರದ ಗಾಳಿಯಿರಬೇಕು. ನೋವಾಗದ ಕಾಲನ್ನು ಇಟ್ಟುಕೊಂಡು ಕೂತವರಿಗೆ ಆಡುವ ಮಾತೇ ಅದು, ನಾಲಿಗೆ ಕಡಿದುಕೊಳ್ಳಬೇಕು ಎನ್ನಿಸಿತು, ಆದರೆ ನಾಲಿಗೆ ನಿಲ್ಲಲೂ ಇಲ್ಲ, ಈ ಪೆಡಲ್ ನಾ ಇನ್ನ ಹಾಕ್ಕೊಳ್ಳಂಗಿಲ್ಲ, ಆ ನೀಲಿದೇ ತರತೀನಿ, ಹೋದ್ರ ಹೋಗತೀನಿ, ಬ್ಯಾಡನಿಸಿದ್ರ ಇಳದು ನಿಂದರತೀನಿ, ಎಲ್ಲಾನೂ ನಿಮಗ ಹೇಳೂದಿಲ್ಲ. ಅಷ್ಟು ಹೇಳಿ ಅಳು ಬಂತು, ಮುರುಮು ಕಣ್ಣಿಗೂ ಹೋಯಿತು. ಆಮೇಲೆ ಅವರು, ದಸ್ತಗೀರ ಇಲ್ಲಿಲ್ಲ, ಚಾಕ್ಕ ಹೋದಾವ ಬಂದಿಲ್ಲ, ಫೋನ್ ಹಚ್ಚಿದ್ರ ಹತ್ತಾಕತ್ತಿಲ್ಲ, ಎಂದರು. ಮತ್ತೆ, ನಾ ಬರತೀನಿ. ಹ್ಯಾಂಗ ಬರತೀರಿ. ಫೋನು ಇಟ್ಟುಬಿಟ್ಟರು. ಹೇಗೆ ಬರುತ್ತಾರೆ, ಸಿಟ್ಟಿಗೆ ಅಂದದ್ದು, ಗಾಲಿಕುರ್ಚಿ ಮೊದಲ ಕೊರಕಲಿಗೇ ಮಗುಚುತ್ತದೆ — ಬಿಡಿಸಿಕೊಳ್ಳಬೇಕು, ನಾನೇ ಬಿಡಿಸಿಕೊಳ್ಳಬೇಕು, ಬಲಗಾಲಿನಿಂದ ಸೈಕಲ್ಲಿನ ಸೊಂಟಕ್ಕೆ ಒದ್ದೆ, ತುಸು ಎದ್ದಿತು, ಮತ್ತೆ ಕೂತಿತು, ಇನ್ನೊಮ್ಮೆ ಒದ್ದು ಅದರ ಅಡಿಗೆ ಮೊಣಕಾಲು ತೂರಿದೆ, ಬಾಟ್ಲಿಯ ಬಿರಡೆಯಿಂದ ಬೂಟಿನ ಪಕ್ಕದ ಮಣ್ಣು ಕೆರೆದೆ, ಉಗುರಿನಿಂದ ಕೆರೆದೆ, ನಾಯಿ ಕೆರೆದಂತೆ, ಬೆರಳಿಗೆ ಕೊಕ್ಕೆ ಸಿಕ್ಕಿತು, ಬಿಸಿಯಾಗಿತ್ತು, ಎತ್ತಿದೆ, ಪಟ್ಟಿ ಸಡಿಲಾಯಿತು, ಕಾಲನ್ನು ಬೂಟಿನಿಂದ ಎಳೆದೆ, ಬರಲಿಲ್ಲ, ಎಳೆದೆ, ಬಂತು, ಕಾಲುಚೀಲ ಅರ್ಧ ಒಳಗೇ ಉಳಿಯಿತು, ಬರಿಯ ಹಿಮ್ಮಡಿ ಗಾಳಿಗೆ ಬಂತು. ಬೂಟು ಪೆಡಲಿನಲ್ಲೇ ಇದೆ, ಇರಲಿ, ಅವೆರಡೂ ಒಂದೇ ಆಗಿರಲಿ.

ಎದ್ದು ಕೂತೆ. ಕೀಲು ಊದಿದೆ, ಆದರೆ ಬೆರಳು ಆಡುತ್ತವೆ, ಒಂದೊಂದೇ ಆಡಿಸಿ ನೋಡಿದೆ, ನೀರು ಕುಡಿದೆ, ಮುಖಕ್ಕೆ ಹಾಕಿಕೊಂಡೆ, ಆಮೇಲೆ ಕೆಳಗೆ ನೋಡಿದೆ. ಬೇವಿನ ಮರದಡಿ ಕುರ್ಚಿ ಇದೆ. ಕುರ್ಚಿ ಖಾಲಿ ಇದೆ. ಬಿದ್ದರೇನೋ, ಮರದ ಬುಡದಲ್ಲಿಲ್ಲ, ರಸ್ತೆಯ ಮೇಲಿಲ್ಲ — ಹಾದಿಯಲ್ಲಿದ್ದಾರೆ, ಗುಡ್ಡದ ಹಾದಿಯಲ್ಲಿ, ಮೊದಲ ತಿರುವಿನ ಹತ್ತಿರ, ನೆಲದ ಮೇಲೆ. ಬಿಳಿ ಅಂಗಿ. ಮುಖ ನನ್ನ ಕಡೆಗಿಲ್ಲ, ಬೆನ್ನು ನನ್ನ ಕಡೆಗಿದೆ. ಎರಡೂ ಅಂಗೈ ಹಿಂದಕ್ಕೆ ಊರಿ, ಮೈ ಎತ್ತಿ, ಒಂದು ಗೇಣು ಹಿಂದಕ್ಕೆ, ಏರಿನ ಕಡೆಗೆ, ಸರಿದು ಕೂಡುತ್ತಾರೆ, ಕಾಲುಗಳು ಮುಂದೆ ಉಳಿದಿರುತ್ತವೆ, ಅವನ್ನು ಪ್ಯಾಂಟು ಹಿಡಿದು ಎಳೆದುಕೊಳ್ಳುತ್ತಾರೆ, ಮತ್ತೆ ಅಂಗೈ ಹಿಂದಕ್ಕೆ. ಮನೆಯಲ್ಲಿ ಬಚ್ಚಲಿಗೆ ಹೋಗುವುದು ಹೀಗೇ ಇರಬೇಕು, ಯಾರೂ ನೋಡಿಲ್ಲ, ಬಾಗಿಲು ಹಾಕಿಸಿ, ಅತ್ತೆಯನ್ನೂ ನನ್ನನ್ನೂ ಹೊರಗೆ ಕಳಿಸಿ, ಆಮೇಲೆ ಸರಿಯುತ್ತಾರೆ, ನಾನು ಕೇಳಿದ್ದೇನೆ, ನೋಡಿಲ್ಲ, ನೆಲಕ್ಕೆ ಹಾಸಿದ ಪರಸಿಕಲ್ಲಿನ ಮೇಲೆ ಬಟ್ಟೆ ಉಜ್ಜುವ ಸದ್ದು. ಇಲ್ಲಿ ಬಾಗಿಲಿಲ್ಲ. ಹಾದಿ ಎಲ್ಲರದು, ದನದವರು ಬರಬಹುದು, ಕಟ್ಟಿಗೆಯವರು ಬರಬಹುದು. ರೀ ಎಂದು ಕೂಗಿದೆ, ಕಾಲು ಬಿಡಸಿಕೊಂಡೀನಿ, ಬರಬ್ಯಾಡ್ರಿ, ಅಲ್ಲೇ ಕುಂದ್ರಿ, ನಾ ಇಳದು ಬರತೀನಿ. ಬೆನ್ನು ನಿಂತಿತು. ಈಗ ತಿರುಗುತ್ತಾರೆ ಎಂದುಕೊಂಡೆ, ತಿರುಗಲಿಲ್ಲ, ಕತ್ತು ಮಾತ್ರ ತುಸು ಎದ್ದಿತು, ಕೆಳಗಿನ ರಸ್ತೆಯ ಕಡೆಗೇ ಮುಖ ಮಾಡಿ ಕೂಗಿ ಹೇಳಿದರು, ನೀ ಇಳೀಬ್ಯಾಡ ಅಂಬಿಕಾ, ಕುಂದ್ರು, ನಾ ಬರಾಕತ್ತೀನಿ. ಅಂಗೈಗೆ ಕಲ್ಲು ಚುಚ್ಚುವುದಿಲ್ಲವೇ, ಕೇಳಬೇಕು, ಕೇಳಲಿಲ್ಲ, ಎಷ್ಟು ದೂರ ಬರಬಲ್ಲರು, ತಿರುವಿನ ತನಕವೋ, ಅದರಾಚೆಗೋ, ಓಡಿ ಹೋಗಿ ಹಿಡಿಯಬೇಕು, ಹಿಡಿದರೆ ನಿಲ್ಲುತ್ತಾರೆ, ನಿಂತರೆ ಮತ್ತೆ ಏರುವುದಿಲ್ಲ, ಕೂತೇ ಇದ್ದೇನೆ, ಒಂದು ಬೂಟಿನ ಕಾಲು ಒಂದು ಬರಿಗಾಲು ಚಾಚಿಕೊಂಡು, ಮುರುಮಿಗೆ ಕೆಂಪಾಗುತ್ತಿರುವ ಬಿಳಿ ಅಂಗಿ, ಅಂಗೈ ಹಿಂದಕ್ಕೆ, ಎತ್ತಿತು, ಕೂತಿತು, ಬೆನ್ನು ಬರುತ್ತಿದೆ, ಕಾಲು ಎಳೆದುಕೊಂಡರು, ಅಂಗೈ ಹಿಂದಕ್ಕೆ, ಎತ್ತಿತು, ಬೆನ್ನು, ಬೆವರಿನಲ್ಲಿ ಅಂಗಿ ಅಂಟಿಕೊಂಡ ಬೆನ್ನು, ನನ್ನ ಕಡೆಗೆ, ಕೂತಿತು, ಮತ್ತೆ ಅಂಗೈ ಹಿಂದಕ್ಕೆ